ಗೋಣಿ ಪರದೆಯ ಸಾಕ್ಷಿ

ಕಪ್ಪು ಕೋಟನ್ನು ಮಡಚಿ ಕೈಮೇಲೆ ಹಾಕಿಕೊಂಡಿದ್ದ ಮುದುಕರು ಕೊಡೆಯ ತುದಿಯಿಂದ ಗೋಣಿ ಪರದೆಯ ಅಂಚನ್ನು ಎತ್ತಿದರು, ಬಿಟ್ಟರು, ಮತ್ತೆ ಎತ್ತಿದರು. ಒಳಗೆ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಸಮೀನಾ ಮಡಿಲಲ್ಲಿ ಎಲೆ ಹರಡಿದ್ದ ತಡ್ಪೆಯನ್ನು ಎದೆಗೆ ಎಳೆದುಕೊಂಡು ಗೋಡೆಗೆ ಸರಿದಳು. ಅವರು ಅವಳನ್ನು ನೋಡಲೇ ಇಲ್ಲ. ಜಗಲಿಯ ಅಂಚಿನಲ್ಲಿ ಒಂದು ಕ್ಷಣ ಕುಳಿತು, ಕತ್ತು ಬಗ್ಗಿಸಿ, ಪರದೆಯ ಕೆಳಗಿನಿಂದ ಓಣಿಯ ಕಡೆಗೆ ಕಣ್ಣು ಹಾಯಿಸಿ ಎದ್ದರು.

"ಈ ಪರದೆ ಯಾವಾಗ ಕಟ್ಟಿದ್ದು, ತಾಯೀ?" ಎಂದು ಅಂಗಳದಲ್ಲಿ ನಿಂತಿದ್ದ ಅವಳ ತಾಯಿ ಬೀಬಿಯನ್ನು ಕೇಳಿದರು.

ಮನೆ ರಿಪೇರಿಗೆ ಅರ್ಜಿ ಕೊಟ್ಟು ಆರು ತಿಂಗಳಾಗಿತ್ತು. ಪಂಚಾಯತಿನಿಂದ ನೋಡಲು ಬಂದವರೆಂದು ಬೀಬಿಗೆ ಸಂತೋಷವೇ ಆಯಿತು. "ಇವಳು ದೊಡ್ಡವಳಾದಾಗ ಕಟ್ಟಿದ್ದು. ಹತ್ತು ವರ್ಷ ಆಯ್ತು. ಮಳೆಗಾಲ ಮುಗಿದ ಮೇಲೆ ಗೋಣಿ ಬದಲಿಸ್ತೇವೆ. ತೆಗೆಯುವುದು ಅಂತ ಇಲ್ಲ."

"ಹಾಗಾ," ಎಂದರು ಅವರು. ಮಾಡಿನ ಹಂಚಿನ ಕಡೆಗೆ ಒಮ್ಮೆಯೂ ನೋಡದೆ ಮೆಟ್ಟಿಲು ಹತ್ತಿ ಓಣಿಗೆ ಹೋದರು. ಅವರು ಮೂಡುಬಿದಿರೆಯ ವಕೀಲ ಪದ್ಮಯ್ಯನವರೆಂದೂ, ಹೊಡೆತದ ಕೇಸಿನಲ್ಲಿ ಶಿಕ್ಷೆಯಾದ ಉನೈಸನ ಅಪೀಲು ನಡೆಸುವವರೆಂದೂ ತಾಯಿ ಮಗಳಿಗೆ ಗೊತ್ತಾದದ್ದು ಸಂಜೆ ಮನೆಯ ಹಿರಿಯ ಮೂಸಬ್ಬಜ್ಜ ಬಂದು ರೇಗಾಡಿದಾಗ.

ನರಿಕೊಂಬಿನ ಆ ಓಣಿ ಮಸೀದಿಯಿಂದ ಹೊಳೆಯ ಕಡೆಗೆ ಇಳಿಯುತ್ತದೆ. ಬೀಬಿಯ ಮನೆ ಓಣಿಗಿಂತ ಎರಡು ಮೊಳ ತಗ್ಗಿನಲ್ಲಿದೆ. ಜಗಲಿಯಲ್ಲಿ ಕುಳಿತವರ ಕಣ್ಣು ಸರಿಯಾಗಿ ಓಣಿಯ ನೆಲದ ಮಟ್ಟಕ್ಕೆ ಬರುತ್ತದೆ. ಹೋಗಿ ಬರುವ ಗಂಡಸರಿಗೆ ಮಗಳ ಮುಖ ಕಾಣಬಾರದೆಂದು ಬೀಬಿ ಮಾಡಿನಿಂದ ಇಳಿಬಿಟ್ಟ ಗೋಣಿ ಸಮೀನಾಳ ಹಣೆಯ ಹತ್ತಿರ ಬಂದು ನಿಲ್ಲುತ್ತಿತ್ತು. ಅದರ ಕೆಳಗಿನಿಂದ ಅವಳಿಗೆ ಕಾಣುತ್ತಿದ್ದದ್ದು ಓಣಿಯಲ್ಲಿ ಹೋಗುವವರ ಕಾಲು ಮಾತ್ರ. ಏಳನೆಯ ತರಗತಿಗೆ ಶಾಲೆ ಬಿಟ್ಟು ಎಲೆ ಕತ್ತರಿಸಲು ಕುಳಿತವಳು ಹತ್ತು ವರ್ಷದಲ್ಲಿ ಎಷ್ಟು ಕಾಲುಗಳನ್ನು ನೋಡಿದ್ದಳೋ. ಕಾಲು ನೋಡಿ ಹೆಸರು ಹೇಳುವುದು ಮನೆಯೊಳಗಿನ ಒಂದು ಆಟವೇ ಆಗಿತ್ತು. ಬೀಬಿ ಒಲೆಯ ಹತ್ತಿರದಿಂದಲೇ ಯಾರು ಹೋದದ್ದು ಎಂದು ಕೇಳುತ್ತಿದ್ದಳು. ಸಮೀನಾ ಕೈಯ ಕೆಲಸ ನಿಲ್ಲಿಸದೆ ಹೇಳುತ್ತಿದ್ದಳು. ಯಾರೊಂದಿಗೂ ಹೆಚ್ಚು ಮಾತಾಡದ ಹುಡುಗಿಗೆ ಅದೊಂದರಲ್ಲಿ ಸ್ವಲ್ಪ ಜಂಬವಿತ್ತು.

ಮೂರು ವರ್ಷದ ಹಿಂದೆ, ತೊಂಬತ್ತೆಂಟರ ಮಾರ್ಚಿನ ಒಂದು ಶುಕ್ರವಾರ, ಜುಮಾ ನಮಾಜು ಬಿಟ್ಟು ಜನರೆಲ್ಲ ಊಟಕ್ಕೆ ಹೋಗಿಯಾದ ಮೇಲೆ, ಓಣಿಯ ತಿರುವಿನಲ್ಲಿ ಯಾರೋ ಹಿಂದಿನಿಂದ ಬಂದು ಮೂಸಬ್ಬಜ್ಜನ ತಲೆಗೆ ದೋಣಿ ನೂಕುವ ಜಲ್ಲೆಯ ತುಂಡಿನಿಂದ ಹೊಡೆದರು. ಅಜ್ಜ ಬೀಬಿಯ ಸೋದರಮಾವ, ತೆಂಗಿನಕಾಯಿ ವ್ಯಾಪಾರದವರು, ಸಮೀನಾಳ ಬಾಪ ತೀರಿಕೊಂಡ ಮೇಲೆ ಈ ಮನೆಗೆ ದಿಕ್ಕು. ಸಮೀನಾ ಕೇಳಿದ್ದು ಕಾಯಿ ಒಡೆದಂತಹ ಒಂದು ಸದ್ದು. ನೋಡಿದ್ದು, ಪರದೆಯ ಕೆಳಗೆ ಹೊಳೆಯ ಕಡೆಗೆ ಓಡಿದ ಎರಡು ಕಾಲು. ನೀಲಿ ಪಟ್ಟಿಯ, ದಪ್ಪ ಬಿಳಿ ಅಟ್ಟೆಯ ಚಪ್ಪಲಿ. ಎಡಗಾಲಿನ ಪಟ್ಟಿಗೆ ಹಳದಿ ತಂತಿ ಬಿಗಿದಿತ್ತು. ಸೌದಿಯ ದಮ್ಮಾಮಿನಿಂದ ತನ್ನ ಅಣ್ಣ ಕಳಿಸಿದ ಆ ಚಪ್ಪಲಿಯನ್ನು ಊರಿನಲ್ಲಿ ಮೆಟ್ಟುತ್ತಿದ್ದವನು ಹೊಳೆಯಿಂದ ಮರಳು ತೆಗೆಯುವ ಹೊಯಿಗೆ ದೋಣಿಯ ಉನೈಸ್ ಒಬ್ಬನೇ. ಅವನಿಗೂ ಅಜ್ಜನಿಗೂ ದೋಣಿ ಕಟ್ಟುವ ಜಾಗದ ತಕರಾರು ಇದ್ದದ್ದು ಎಲ್ಲರಿಗೂ ಗೊತ್ತಿತ್ತು. "ಉನೈಸ್ ಓಡಿದ," ಎಂದು ಅವಳು ತಾಯಿಗೆ ಹೇಳಿದಳು. ಅವಳು ತಾನಾಗಿ ಬಾಯಿಬಿಟ್ಟು ಹೇಳಿದ್ದು ಅಷ್ಟೇ.

ಉಳಿದದ್ದೆಲ್ಲ ಬೇರೆಯವರು ಹೇಳಿದರು, ಅವಳು ತಲೆ ಆಡಿಸಿದಳು. ಆಸ್ಪತ್ರೆಯ ಮೊಗಸಾಲೆಯಲ್ಲಿ ನೆಂಟರ ಗಂಡಸರೆಲ್ಲ ಸುತ್ತ ನಿಂತಿದ್ದಾಗ ಎಸ್‍.ಐ. ಮುಖ ನೋಡಿದೆಯಲ್ಲ ಎಂದು ಕೇಳಿದರು. ಅಷ್ಟು ಜನರ ನಡುವೆ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಲೆ ಆಡಿಸಿದಳು. ಅದು ಕಾಗದದಲ್ಲಿ ಮೂರು ಸಾಲಾಯಿತು. ಬಂಟ್ವಾಳದ ಕೋರ್ಟಿನಲ್ಲಿ ಸರಕಾರಿ ವಕೀಲರು ಆ ಮೂರು ಸಾಲನ್ನು ಓದಿ ಹೌದಾ ಎಂದು ಕೇಳಿದರು. ಮತ್ತೆ ತಲೆ ಆಡಿಸಿದಳು. ಜಡ್ಜರು ಅದನ್ನು ಇಂಗ್ಲಿಷಿನಲ್ಲಿ ಹೇಳಿ ಟೈಪು ಮಾಡಿಸಿದರು. ಉನೈಸನಿಗೆ ಮೂರು ವರ್ಷ ಶಿಕ್ಷೆಯಾಯಿತು. ಮಂಗಳೂರಿನ ದೊಡ್ಡ ಕೋರ್ಟಿಗೆ ಅಪೀಲು ಹಾಕಿ ಜಾಮೀನಿನ ಮೇಲೆ ಹೊರಗೆ ಬಂದ. ಅಂದಿನಿಂದ ದಿನಕ್ಕೆರಡು ಸಲ, ಹೊಳೆಗೆ ಹೋಗುವಾಗ ಮತ್ತು ಬರುವಾಗ, ಅವನ ಕಾಲು ಅವಳ ಪರದೆಯ ಮುಂದೆ ಹಾದುಹೋಗುತ್ತಿತ್ತು. ನೀಲಿ ಪಟ್ಟಿಯ ಚಪ್ಪಲಿ ಮತ್ತೆ ಕಾಣಲಿಲ್ಲ. ಮುಚ್ಚಿಟ್ಟಿದ್ದಾನೆ ಎಂದು ಅವಳು ಎಣಿಸಿದ್ದಳು. ಮುಚ್ಚಿಟ್ಟದ್ದೇ ಅವನು ತಪ್ಪು ಮಾಡಿದ್ದಕ್ಕೆ ಗುರುತು ಎಂದೂ ಎಣಿಸಿದ್ದಳು.

ಪದ್ಮಯ್ಯನವರು ಬಂದು ಹೋಗಿ ಎರಡು ತಿಂಗಳಿಗೆ ಸಮನ್ಸು ಬಂತು. ಪರದೆಯ ವಿಷಯ ಮೊದಲ ವಿಚಾರಣೆಯಲ್ಲಿ ಬಂದೇ ಇಲ್ಲವೆಂದೂ, ಇಡೀ ಕೇಸು ನಿಂತಿರುವುದು ಈ ಒಬ್ಬಳ ಕಣ್ಣಿನ ಮೇಲೆಂದೂ ಅವರು ಮಂಗಳೂರಿನಲ್ಲಿ ವಾದಿಸಿದ್ದರು. ಅದೊಂದನ್ನು ಮಾತ್ರ ಸಾಕ್ಷಿಯಿಂದ ಕೇಳಿ, ಹೇಳಿಕೆ ಬರೆದು ಕಳಿಸಿ ಎಂದು ಅಲ್ಲಿಯ ಜಡ್ಜರು ಬಂಟ್ವಾಳದ ಕೋರ್ಟಿಗೆ ಹೇಳಿದ್ದರು. ಏಪ್ರಿಲ್ ಹದಿನೇಳು, ಮಂಗಳವಾರ.

ಮೂಸಬ್ಬಜ್ಜ ಪ್ರತಿದಿನ ಬರತೊಡಗಿದರು. ಏಟು ಬಿದ್ದ ಮೇಲೆ ಅವರ ಬಲಗೈ ಕೆಲಸ ಮಾಡುತ್ತಿರಲಿಲ್ಲ. ಅದನ್ನು ಮಡಿಲಲ್ಲಿ ಮಲಗಿದ ಬೆಕ್ಕಿನಂತೆ ಇಟ್ಟುಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದರು. ಆ ದಿನ ಪರದೆ ಒಗೆಯಲು ತೆಗೆದಿತ್ತೆಂದು ಹೇಳಿದರಾಯಿತು ಎಂದು ಬೀಬಿಗೆ ಹೇಳಿದರು. ಬೀಬಿ ಒಪ್ಪಿದಳು. ಪಂಚಾಯತಿನವರೆಂದು ನಂಬಿ ಬಾಯಿಬಿಟ್ಟ ತಪ್ಪು ಅವಳನ್ನು ಕೊರೆಯುತ್ತಿತ್ತು. ಸಮೀನಾ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಅವಳ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ಆ ಮನೆಯಲ್ಲಿ ರೂಢಿಯಾಗಿತ್ತು. ಅವಳಿಗೂ ಇದರಲ್ಲಿ ದೊಡ್ಡ ಸಂಕಟವೇನೂ ಆಗಲಿಲ್ಲ. ಮುಖ ನೋಡಲಿಲ್ಲ ನಿಜ, ಆದರೆ ಅವನನ್ನು ನೋಡಿದ್ದು ನಿಜವಲ್ಲವೇ? ಕಾಲೂ ಅವನದ್ದೇ, ಮುಖವೂ ಅವನದ್ದೇ.

ಆ ಧೈರ್ಯ ಹೋದದ್ದು ಬೀಡಿ ಬ್ರಾಂಚಿನಲ್ಲಿ, ಕೋರ್ಟಿಗೆ ಹನ್ನೆರಡು ದಿನ ಇರುವಾಗ.

ಗುರುವಾರ ಬೆಳಗ್ಗೆ ಕಟ್ಟಿದ ಬೀಡಿ ಕೊಟ್ಟು ಎಲೆ, ಹೊಗೆಸೊಪ್ಪು ತರುವ ಸರದಿ. ಹೆಂಗಸರು ಗೋಡೆಗುಂಟ ಸಾಲು ನಿಂತಿದ್ದರು. ಸಮೀನಾಳ ಮುಂದೆ ಇದ್ದವಳು ಉನೈಸನ ತಾಯಿ ಸಾಲಿಹಾ. ಮೂರು ವರ್ಷದಿಂದ ಅವಳು ಸಮೀನಾಳೊಂದಿಗೆ ನೇರ ಮಾತಾಡಿದವಳಲ್ಲ. ತಿರುಗಿ ನೋಡಿ, ಹಿಂದೆ ನಿಂತವಳು ಯಾರೆಂದು ಕಂಡು, ಪಕ್ಕಕ್ಕೆ ಸರಿದಳು.

"ದಾರಿ ಬಿಡುವ ಮಾರಾಯ್ತಿ," ಎಂದು ತನ್ನ ಮುಂದಿದ್ದ ಖದೀಜಳಿಗೆ ಹೇಳಿದಳು. "ಕಣ್ಣು ಒಳ್ಳೇದು ಇರುವವರು ಮುಂದೆ ಹೋಗ್ಲಿ. ನಮಗೆಲ್ಲ ಗೋಡೆ ದಾಟಿ ಕಾಣುವುದಿಲ್ಲ."

ಯಾರೋ ಕಿಸಕ್ಕೆಂದರು. ಸಮೀನಾ ಕದಲಲಿಲ್ಲ. ಸಾಲು ಹಾಗೆಯೇ ಉಳಿಯಿತು. ಸ್ವಲ್ಪ ಹೊತ್ತಿಗೆ ಖದೀಜ ತನ್ನ ಗೋಳು ತೆಗೆದಳು. ಅವಳ ಗಂಡನ ಹೊಸ ಚಪ್ಪಲಿ ಹೋದ ಶುಕ್ರವಾರ ಮಸೀದಿಯ ಬಾಗಿಲಲ್ಲಿ ಹೋಯಿತು. ಕದ್ದರೆಂದೂ ಹೇಳುವ ಹಾಗಿಲ್ಲ. ನಮಾಜಿಗೆ ಮೊದಲು ಕೈಕಾಲು ತೊಳೆದು ವುಝೂ ಮಾಡಲು ಕೆರೆಗೆ ಇಳಿಯುವವರು ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಹೋಗುತ್ತಾರೆ, ಕೆಲವರು ಅದರಲ್ಲೇ ಮನೆಗೂ ಹೋಗುತ್ತಾರೆ. ಅದು ಊರಿನಲ್ಲಿ ಯಾರೂ ದೊಡ್ಡದು ಮಾಡದ ಸಂಗತಿ.

"ನಮ್ಮದೂ ಹಾಗೇ ಹೋದದ್ದಲ್ವಾ," ಎಂದಳು ಸಾಲಿಹಾ. ಅವಳ ಬೆನ್ನು ಸಮೀನಾಳ ಕಡೆಗಿತ್ತು. ದನಿಯಲ್ಲಿ ಚುಚ್ಚು ಇರಲಿಲ್ಲ. ಹಳೆಯ ನಷ್ಟವನ್ನು ನೆನೆಸುವವರ ದನಿ ಅದು. "ದಮ್ಮಾಮಿನದ್ದು, ದೊಡ್ಡವ ಕಳಿಸಿದ್ದು. ಆ ಹಾಳು ಶುಕ್ರವಾರವೇ. ಬಿಸಿಲಿಗೆ ಬರಿಗಾಲಲ್ಲಿ ಬಂದ. ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು, ಎಣ್ಣೆ ಹಚ್ಚಿ ಕೊಟ್ಟೆ. ನಿನ್ನ ಚಪ್ಪಲಿ ಎಲ್ಲಿ ಅಂತ ಬೈದದ್ದೇ ಬೈದದ್ದು ನಾನು. ಅವನು ಅನ್ನ ಕಲಸಿದ್ದಷ್ಟೇ, ಮೂಸಬ್ಬಾಕನಿಗೆ ಹೊಡೆದ್ರು ಅಂತ ಬೊಬ್ಬೆ ಕೇಳಿತು."

"ಇದನ್ನು ಕೋರ್ಟಿನಲ್ಲಿ ಹೇಳಬೇಕಿತ್ತು," ಎಂದಳು ಖದೀಜ.

"ಮಗ ಮನೆಯಲ್ಲಿದ್ದ ಅಂತ ಹೇಳಿದ್ದಕ್ಕೇ ತಾಯಿಯ ಮಾತು ಅಂತ ಬಿಟ್ಟುಬಿಟ್ರು. ಚಪ್ಪಲಿ ಹೋದ ಕಥೆ ಯಾರಿಗೆ ಬೇಕು."

ಸರದಿ ಬಂದಾಗ ಸಮೀನಾಳನ್ನು ಚೆಕ್ಕರ್ ಎರಡು ಸಲ ಕೂಗಬೇಕಾಯಿತು. ಹಿಂದಿರುಗುವಾಗ ಎಲೆಯ ಕಟ್ಟು ಅಲ್ಲೇ ಬಿಟ್ಟು ಅರ್ಧ ದಾರಿ ಬಂದಿದ್ದಳು. ಸಾಲಿಹಾ ತನ್ನ ಮಗನನ್ನು ಉಳಿಸಲು ಏನು ಬೇಕಾದರೂ ಹೇಳಬಹುದು. ಆದರೆ ಇದನ್ನು ಅವಳು ಉಳಿಸಲಿಕ್ಕೆ ಹೇಳಲಿಲ್ಲ. ಆ ಚಪ್ಪಲಿಯನ್ನು ನೋಡಿಯೇ ಸಮೀನಾ ಉನೈಸನ ಹೆಸರು ಹೇಳಿದ್ದೆಂದು ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪೊಲೀಸರಿಗಿಲ್ಲ, ಅಜ್ಜನಿಗಿಲ್ಲ, ಸ್ವಂತ ತಾಯಿಗೂ ಇಲ್ಲ. ಬೆಲೆ ಗೊತ್ತಿಲ್ಲದೆ ಆಡಿದ ಮಾತನ್ನು ಸುಳ್ಳೆನ್ನುವುದು ಹೇಗೆ?

ಇಲ್ಲ, ಕಾಲೇ ನೋಡಿದ್ದೇನೆ, ಚಪ್ಪಲಿ ಮಾತ್ರ ಅಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಕಣ್ಣು ಮುಚ್ಚಿ ಆ ಕಾಲನ್ನು ತರಲು ನೋಡಿದಳು. ನೀಲಿ ಪಟ್ಟಿ ಬಂತು. ಹಳದಿ ತಂತಿ ಬಂತು, ಅದರ ಗಂಟಿನ ಸಮೇತ. ಚಪ್ಪಲಿಯ ಮೇಲೆ ಕಾಲು ಬರಲಿಲ್ಲ. ಹಿಮ್ಮಡಿ ಕಪ್ಪೋ ಬಿಳಿಯೋ, ಬೆರಳು ಉದ್ದವೋ ಮೋಟೋ, ಯಾವುದೂ ಇಲ್ಲ.

ಮರುದಿನ ಶುಕ್ರವಾರ. ನಮಾಜು ಬಿಡುವ ಹೊತ್ತಿಗೆ ಸಮೀನಾ ಪರದೆಗೆ ಒತ್ತಿ ಕುಳಿತಳು. ಕಾಲು ಕಂಡ ಕೂಡಲೇ ಮನಸ್ಸಿನಲ್ಲಿ ಹೆಸರು ಹೇಳುವುದು, ಆಮೇಲೆ ಗೋಣಿಯ ಒಂದು ಎಳೆಯನ್ನು ಬೆರಳಿನಿಂದ ಅಗಲಿಸಿ ಮುಖ ನೋಡುವುದು. ಹತ್ತು ವರ್ಷದಲ್ಲಿ ಅವಳು ಹಾಗೆ ಇಣುಕಿದ್ದು ಅದೇ ಮೊದಲು. ಮೊದಲಿನ ನಾಲ್ಕು ಸರಿ. ಐದನೆಯದು ಗೂಡಂಗಡಿಯವರ ಕಾಲೆಂದಳು. ಮುಖ ಅವರ ಅಳಿಯನದ್ದು. ಮತ್ತೆ ಆರು ಸರಿ. ಆಮೇಲೆ ಒಂದು ಕಂದು ಬಣ್ಣದ ಹೊಲಿದ ಚಪ್ಪಲಿಗೆ ಮದ್ರಸದ ಉಸ್ತಾದರೆಂದಳು. ಎಳೆ ಅಗಲಿಸಿದರೆ, ಗುರುತೇ ಇಲ್ಲದ ಯಾರೋ ಒಬ್ಬ, ಯಾರ ಮನೆಗೋ ಊಟಕ್ಕೆ ಬಂದ ನೆಂಟ. ಇನ್ನೊಬ್ಬ ಬರಿಗಾಲಲ್ಲಿ ಬಂದ. ಅವಳಿಗೆ ಹೆಸರೇ ಹೊಳೆಯಲಿಲ್ಲ. ಬೆರಳುಗಳು ಅಗಲ, ಹೆಬ್ಬೆರಳಿನ ಉಗುರು ಸೀಳಿತ್ತು. ಮುಖ ನೋಡಿದಳು. ಉನೈಸ್. ಒಂದು ಕೈಯಲ್ಲಿ ಕಿತ್ತುಹೋದ ಚಪ್ಪಲಿ ಹಿಡಿದುಕೊಂಡು ನಡೆಯುತ್ತಿದ್ದ. ಜಾಮೀನಿನ ಮೇಲೆ ಬಂದಾಗಿನಿಂದ ದಿನಕ್ಕೆರಡು ಸಲ ನೋಡಿದ ಕಾಲು.

ಅವಳು ಎಳೆಯನ್ನು ಬಿಟ್ಟಳು. ಕೈಯಲ್ಲಿದ್ದ ಬೀಡಿ ಪುಡಿಯಾಗಿತ್ತು.

ಆ ವಾರವೆಲ್ಲ ಅವಳ ಕೆಲಸ ಸಾಗಲಿಲ್ಲ. ನೂಲು ಬಿಗಿಯಾದರೆ ಎಲೆ ಹರಿಯುತ್ತಿತ್ತು, ಸಡಿಲವಾದರೆ ಬೀಡಿ ಬಿಚ್ಚಿಕೊಳ್ಳುತ್ತಿತ್ತು. ಮುಂದಿನ ಗುರುವಾರ ಚೆಕ್ಕರ್ ಅರ್ಧದಷ್ಟನ್ನು ಮುರಿದು ಬಿಸಾಡಿದ. ಬಾವಿಗೆ ಹೋದವಳು ಖಾಲಿ ಕೊಡ ಹಿಡಿದು ಬಂದಳು. ಮಗಳಿಗೆ ಕೋರ್ಟಿನ ಹೆದರಿಕೆಯೆಂದು ಬೀಬಿ ಮಸೀದಿಯಲ್ಲಿ ನೀರಿಗೆ ದುವಾ ಓದಿಸಿ ತಂದು ಕುಡಿಸಿದಳು.

ಭಾನುವಾರ ಮೂಸಬ್ಬಜ್ಜ ಒಬ್ಬರೇ ಕುಳಿತಿದ್ದಾಗ ಸಮೀನಾ ಚಾ ತಂದು, ತಟ್ಟೆಗೆ ಹೊಯ್ದು, ಅವರ ಎಡಗೈಗೆ ಕೊಟ್ಟಳು. ಒಳಗೆ ಹೋಗದೆ ಬಾಗಿಲ ದಾರಂದಕ್ಕೆ ಒರಗಿ ನಿಂತಳು.

"ಅಜ್ಜ, ಆ ದಿನ ಪರದೆ ಇತ್ತು," ಎಂದಳು.

ಅವರು ಚಾ ಊದಿ ಕುಡಿದರು. "ಇದ್ದರೆ ಏನು? ನಿನಗೆ ಗೊತ್ತಲ್ಲ ಅವನೇ ಅಂತ."

ಅವಳು ಸುಮ್ಮನಿದ್ದಳು. ಇದೂ ಒಪ್ಪಿಗೆಯೇ ಆಗಿಬಿಡುತ್ತದೆಂದು ಅವಳಿಗೆ ಗೊತ್ತಿತ್ತು.

ಅಜ್ಜ ತಟ್ಟೆ ಕೆಳಗಿಟ್ಟರು. "ಹೊಡೆದವನನ್ನು ನಾನು ನೋಡಲಿಲ್ಲ ಮೋಳೇ. ಹಿಂದಿನಿಂದ ಬಂದ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ, ಬಂದವರನ್ನೆಲ್ಲ ಇವನಾ, ಇವನಾ ಅಂತ ನೋಡ್ತಾ ಇದ್ದೆ. ಸ್ವಂತ ತಮ್ಮನನ್ನೂ ಹಾಗೇ ನೋಡಿದೆ. ನೀನು ಹೆಸರು ಹೇಳಿದ ಮೇಲೆ ನನಗೆ ನಿದ್ದೆ ಬಂತು."

ಅವರು ಎಡಗೈಯಿಂದ ಬಲಗೈಯನ್ನು ಎತ್ತಿ ಇನ್ನೊಂದು ಮೊಣಕಾಲಿನ ಮೇಲೆ ಇಟ್ಟರು. ಸಮೀನಾ ತಟ್ಟೆ ಲೋಟ ತೆಗೆದುಕೊಂಡು ಒಳಗೆ ಹೋದಳು.

ಮಂಗಳವಾರ ಮೂವರೂ ಬಸ್ಸಿನಲ್ಲಿ ಬಂಟ್ವಾಳದ ಕೋರ್ಟಿರುವ ಬಿ.ಸಿ.ರೋಡಿಗೆ ಹೋದರು. ಕೋರ್ಟಿನ ಜಗಲಿಯಲ್ಲಿ ಸರಕಾರಿ ವಕೀಲರು ಎರಡು ನಿಮಿಷ ಮಾತಾಡಿ, ಮೊದಲು ಹೇಳಿದ್ದನ್ನು ಬಿಡಬೇಡಿ, ಹೇಳಿಕೆ ಬದಲಿಸಿದರೆ ನಿಮಗೇ ತೊಂದರೆ ಎಂದು ಎಚ್ಚರಿಸಿ ಹೋದರು. ಅಂಗಳದಾಚೆ ಮಾವಿನ ಮರದಡಿ ಸಾಲಿಹಾ ನಿಂತಿದ್ದಳು. ಉನೈಸ್ ಅವಳ ಹಿಂದೆ ನೆಲ ನೋಡುತ್ತಿದ್ದ. ಹೊಯಿಗೆ ಹೊತ್ತು ಬಗ್ಗಿದ ಹೆಗಲಿಗೆ ಇಸ್ತ್ರಿ ಹಾಕಿದ ಅಂಗಿ ಕೂರುತ್ತಿರಲಿಲ್ಲ. ಅವನಿಗೆ ಇಪ್ಪತ್ತೇಳು ದಾಟಿರಲಿಕ್ಕಿಲ್ಲ. ಅಪೀಲು ಬಿದ್ದರೆ ಮೂರು ವರ್ಷ.

ಸಾಕ್ಷಿ ಕಟ್ಟೆಯಲ್ಲಿ ನಿಂತಾಗ ಅವಳ ಬುರ್ಖಾದ ತೋಳು ಕಟಕಟೆಯ ಮೊಳೆಗೆ ಸಿಕ್ಕಿತು. ಬಿಡಿಸಿಕೊಳ್ಳುವುದರೊಳಗೆ ಪ್ರಮಾಣ ಮಾಡಿಸಿಯಾಗಿತ್ತು. ಪದ್ಮಯ್ಯನವರು ಎದ್ದರು. ಶಾಲೆಯ ಮಾಸ್ತರರ ಹಾಗೆ ಒಂದೊಂದೇ ಶಬ್ದ ಬಿಡಿಸಿ ಕೇಳಿದರು.

"ಆ ದಿನ, ನೀವು ಕುಳಿತಲ್ಲಿ, ಗೋಣಿಯ ಪರದೆ ಇತ್ತೋ, ಇರಲಿಲ್ಲವೋ?"

ಸಮೀನಾ ತಲೆ ಆಡಿಸಿದಳು.

"ಅಮ್ಮಾ, ತಲೆ ಆಡಿಸಿದರೆ ಟೈಪ್ ಆಗುವುದಿಲ್ಲ," ಎಂದರು ಜಡ್ಜರು. ಮೊದಲಿನವರಲ್ಲ, ಬೇರೆಯವರು. "ಬಾಯಿಂದ ಹೇಳಬೇಕು."

ಫ್ಯಾನು ತಿರುಗುತ್ತಿತ್ತು. ಟೈಪಿಸ್ಟು ಎರಡೂ ಕೈಗಳನ್ನು ಮೇಲೆತ್ತಿ ಕಾಯುತ್ತಿದ್ದಳು. ಸಮೀನಾ ಆ ಕೈಗಳನ್ನೇ ನೋಡಿದಳು.

"ಇತ್ತು," ಎಂದಳು. ದನಿ ಯಾರದ್ದೋ ಎನ್ನಿಸಿತು. ಕೈಗಳು ಇಳಿದವು, ಟಕಟಕ ಸದ್ದಾಯಿತು, ಮತ್ತೆ ಮೇಲೆದ್ದವು. ಆ ಕೈಗಳು ಇನ್ನೂ ಕಾಯುತ್ತಿದ್ದದ್ದರಿಂದಲೋ ಏನೋ, ಅವಳು ಯಾರೂ ಕೇಳದೆ ಮುಂದೆ ಹೇಳಿದಳು. "ಮುಖ ನಾನು ನೋಡಲಿಲ್ಲ. ಚಪ್ಪಲಿ ನೋಡಿದ್ದು. ಚಪ್ಪಲಿ ಉನೈಸನದ್ದು. ಕಾಲು ಯಾರದ್ದು ಅಂತ ನನಗೆ ಗೊತ್ತಿಲ್ಲ."

ಹಿಂದಿನ ಬೆಂಚಿನಲ್ಲಿ ಬೀಬಿ ಅಲ್ಲಾ ಎಂದದ್ದು ಕೇಳಿಸಿತು. ಪದ್ಮಯ್ಯನವರು ಇನ್ನೇನೂ ಕೇಳಲಿಲ್ಲ. ಸರಕಾರಿ ವಕೀಲರು ಕಾಗದ ಮುಂದಿಟ್ಟುಕೊಂಡು ಎದ್ದರು. ಹಾಗಾದರೆ ಮೊದಲು ಪ್ರಮಾಣ ಮಾಡಿ ಸುಳ್ಳು ಹೇಳಿದಿರಾ ಎಂದು ಕೇಳಿದರು. ಅದಕ್ಕೆ ಜೈಲು ಉಂಟೆಂದು ಗೊತ್ತಿದೆಯೇ ಎಂದರು. ಉನೈಸನ ಕಡೆಯವರು ಏನಾದರೂ ಕೊಟ್ಟರೇ, ಹೆದರಿಸಿದರೇ ಎಂದರು.

"ಯಾರೂ ಕೊಡಲಿಲ್ಲ. ಆವಾಗ ಮುಖ ನೋಡಿದೆಯಲ್ಲ ಅಂತ ಕೇಳಿದ್ರು. ನಾನು ತಲೆ ಆಡಿಸಿದೆ."

"ಯಾಕೆ ಆಡಿಸಿದಿರಿ?"

ಅವಳು ಯೋಚಿಸಿದಳು. "ಅವನೇ ಅಂತ ಎಣಿಸಿದ್ದೆ," ಎಂದಳು.

ಜಡ್ಜರು ಅದನ್ನೂ ಟೈಪು ಮಾಡಿಸಿದರು. ಹೇಳಿಕೆ ಮಂಗಳೂರಿಗೆ ಹೋಗುತ್ತದೆ, ಶಿಕ್ಷೆ ನಿಲ್ಲುತ್ತದೋ ಬೀಳುತ್ತದೋ, ಈ ಸಾಕ್ಷಿಯ ಮೇಲೆ ಕ್ರಮ ಉಂಟೋ ಇಲ್ಲವೋ, ಎಲ್ಲವನ್ನೂ ಅಲ್ಲಿಯವರೇ ನೋಡಿಕೊಳ್ಳುತ್ತಾರೆ ಎಂದರು. ಅವರು ತೋರಿಸಿದ ಜಾಗದಲ್ಲಿ ಸಮೀನಾ ಏಳನೆಯ ತರಗತಿಯ ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿದಳು.

ಹೊರಗೆ ಬರುವಾಗ ಸಾಲಿಹಾ ಮೆಟ್ಟಿಲ ಬದಿಯಲ್ಲಿ ನಿಂತಿದ್ದಳು. ಅವಳನ್ನು ಕಂಡು ಸೆರಗಿನಿಂದ ಮೂಗು ಒರೆಸಿಕೊಂಡಳು. ಸಮೀನಾ ಅಲ್ಲಿ ನಿಲ್ಲಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ಬೀಬಿ ಮುಂದೆ ಮುಂದೆ ನಡೆದಳು. ನರಿಕೊಂಬಿನ ಬಸ್ಸು ಖಾಲಿ ನಿಂತಿತ್ತು. ಬೀಬಿ ಮಗಳ ಪಕ್ಕ ಕೂರದೆ ಮುಂದಿನ ಸೀಟಿನಲ್ಲಿ ಒಬ್ಬಳೇ ಕುಳಿತಳು. ಮೂಸಬ್ಬಜ್ಜನನ್ನು ತೋಳು ಹಿಡಿದು ಹತ್ತಿಸಬೇಕಿತ್ತು. ಸಮೀನಾ ಕೈ ಚಾಚಿದಳು. ಅವರು ಬೇಡವೆನ್ನಲಿಲ್ಲ. ಬಾಗಿಲಿಗೆ ಎದುರಾದ ಉದ್ದ ಸೀಟಿನಲ್ಲಿ ಅವರನ್ನು ಕೂರಿಸಿ ಅವಳು ಪಕ್ಕದಲ್ಲಿ ಕುಳಿತಳು.

"ಹಾಗಾದರೆ ಯಾರು?" ಎಂದರು ಅಜ್ಜ. ಬೈಯುವ ದನಿಯಲ್ಲ. ಅವಳಿಗೆ ನಿಜವಾಗಿ ಗೊತ್ತಿರಬಹುದೆಂಬ ಹಾಗೆ ಕೇಳಿದರು.

ಡ್ರೈವರು ಬಂದು ಇಂಜಿನ್ ಶುರು ಮಾಡಿದ. ಅಷ್ಟು ಹೊತ್ತು ನೆರಳಿನಲ್ಲಿ ನಿಂತಿದ್ದ ಊರಿನವರು ಒಬ್ಬೊಬ್ಬರೇ ಹತ್ತತೊಡಗಿದರು. ಮೀನಿನ ಚೀಲದವರು, ಸೀಮೆಎಣ್ಣೆ ಡಬ್ಬದವರು, ಮಸೀದಿಯ ಕಮಿಟಿಯವರು. ಹತ್ತಿದವರು ಮೂಸಬ್ಬಾಕನನ್ನು ಕಂಡು ಸಲಾಂ ಹೇಳಿದರು. ಅಜ್ಜ ಪ್ರತಿಯೊಬ್ಬನ ಮುಖವನ್ನೂ ತಲೆಯೆತ್ತಿ ನೋಡಿದರು, ನೋಡಿ ಮುಗಿದ ಮೇಲೆ ಸಲಾಂ ಹಿಂದಿರುಗಿಸಿದರು. ಬಸ್ಸು ತುಂಬುತ್ತ ಬಂತು.